ಬ್ಯಾಂಕಾಕಿಗೆ ಬೇವೂರ ದಾರಿ

ಗಂಗಾವತಿ
೯ ಜೂನ್ ೨೦೨೫

ಪ್ರೀತಿಯ ಕಸ್ತೂರಿಗೆ ಅತ್ತಿಗೆ ದಾನೇಶ್ವರಿಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ. ಎಲ್ಲರೂ ಅಂದರೆ ನಾನು ಮತ್ತು ಅಂಗಡಿ. ನಿಮ್ಮ ಕಡೆ ಬಿತ್ತುವಷ್ಟು ಮಳೆ ಆಯಿತೆಂದು ನಮ್ಮ ಡ್ರೈವರ್ ಖಾಜಾಸಾಬ ಹೇಳಿದ.

ಕೈಯಲ್ಲಿ ಫೋನಿರುವಾಗ ಇದೇನು ಪತ್ರ ಅಂತೀಯೇನೋ. ಫೋನ್ ಹಚ್ಚಿದರೆ ನೀನು "ಹ್ಞೂಂ, ಊಟಾತು, ಅರಾಮ ಅದೀವಿ" ಅಂದು ಇಟ್ಟುಬಿಡುತ್ತೀ. ಒಂದು ವರ್ಷದಿಂದ ಇಷ್ಟೇ ಮಾತು. ಕಾಗದವನ್ನಾದರೆ ಕೊನೆತನಕ ಓದಲೇಬೇಕಲ್ಲ. ಹೇಗಿದ್ದರೂ ನಮ್ಮ ಅಂಗಡಿಯ ಗಾಡಿ ವಾರಕ್ಕೊಮ್ಮೆ ಯಲಬುರ್ಗಾ ಕಡೆಗೆ ಮಾಲು ಹಾಕಲು ಬರುತ್ತದೆ. ಖಾಜಾಸಾಬನ ಕೈಯಲ್ಲಿ ಕಳಿಸಿದ್ದೇನೆ. ಉತ್ತರವನ್ನೂ ಅವನ ಕೈಗೇ ಕೊಡು.

ಸುದ್ದಿ ಕೇಳು. ಹುಳಕ್ಕೆ ಹೊಡೆಯುವ ಎಣ್ಣೆ ಮಾರಾಟದಲ್ಲಿ ನಮ್ಮ ಅಂಗಡಿ ಈ ಸಲ ಕಂಪನಿಯ ಟಾರ್ಗೆಟ್ ಮುಟ್ಟಿತು! ಬಹುಮಾನ ಬ್ಯಾಂಕಾಕ್ ಟೂರು, ಇಬ್ಬರಿಗೆ. ಆಗಸ್ಟ್ ಎರಡಕ್ಕೆ ಕಂಪನಿಯ ಬಸ್ಸು ಗಂಗಾವತಿಯಿಂದ ಹೈದರಾಬಾದಿಗೆ ಕರೆದೊಯ್ಯುತ್ತದೆ, ಅಲ್ಲಿಂದ ವಿಮಾನ. ನಿಮ್ಮಣ್ಣ ಬದುಕಿರುವ ತನಕ ಈ ಬ್ಯಾಂಕಾಕಿನ ಬೆನ್ನು ಹತ್ತಿದ್ದು ನಿನಗೆ ಗೊತ್ತಿದೆ. ಪ್ರತಿ ವರ್ಷ ಇನ್ನೇನು ಮುಟ್ಟಿತು ಅನ್ನುವಷ್ಟರಲ್ಲಿ ತಪ್ಪಿ ಹೋಗುತ್ತಿತ್ತು. ಕಂಪನಿಯ ಹುಡುಗ ಬಂದು ನನ್ನ ಕೊರಳಿಗೆ ಹಾರ ಹಾಕಿದಾಗ ಅವರ ಫೋಟೋದ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಅಲ್ಲಿ ಮಲಗಿದ ಬುದ್ಧನ ದೊಡ್ಡ ಗುಡಿ ಇದೆಯಂತೆ, ಮೈತುಂಬ ಬಂಗಾರ. ನೀರಿನ ಮೇಲೆ ದೋಣಿಗಳಲ್ಲಿ ಸಂತೆ ನಡೆಯುತ್ತದಂತೆ. ರಸ್ತೆ ದಾಟಬೇಕಾದರೆ ಜೀವ ಕೈಯಲ್ಲಿ ಹಿಡಿಯಬೇಕಂತೆ, ಅಷ್ಟು ಗಾಡಿ.

ಇನ್ನೊಂದು ಟಿಕೀಟಿಗೆ ಯಾರನ್ನು ಕರೆದೊಯ್ಯಲಿ ಎಂದು ವಿಚಾರ ಮಾಡುತ್ತಿದ್ದೇನೆ. ನೀನೇನನ್ನುತ್ತೀ?

ನಿನ್ನ ಅತ್ತಿಗೆ,
ದಾನೇಶ್ವರಿ


ಬೇವೂರು
೧೬ ಜೂನ್ ೨೦೨೫

ಪೂಜ್ಯ ಅತ್ತಿಗೆಯವರಿಗೆ ಕಸ್ತೂರೆಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಮುಟ್ಟಿತು. ಭಾಳ ಸಂತೋಷ. ಇಲ್ಲಿ ನಮ್ಮ ಯಜಮಾನರು, ಅತ್ತೆ, ಮಾವ ಎಲ್ಲರೂ ಕ್ಷೇಮ. ಸಜ್ಜೆ ಬಿತ್ತಿದ್ದಾಯಿತು, ಹೆಸರು ಬಿತ್ತಬೇಕು.

ನೀವು ಕೇಳಿದ್ದಕ್ಕೆ ಹೇಳುತ್ತೇನೆ. ಮರಳಿಯಲ್ಲಿ ನಿಮ್ಮ ತಂಗಿ ಮಲ್ಲೇಶ್ವರಿಯವರು ಇದ್ದಾರಲ್ಲ, ಅವರನ್ನು ಕರೆದುಕೊಂಡು ಹೋಗಿರಿ. ಅವರು ಕಲಿತವರು. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ಮಂದಿಯ ಜೊತೆ ತೆಲುಗು ಮಾತಾಡುತ್ತಾರೆ, ಬ್ಯಾಂಕಾಕಿನಲ್ಲೂ ಏನಾದರೊಂದು ಮಾತಾಡಿಯಾರು. ನಮ್ಮಂಥವರಿಗೆ ಗಂಗಾವತಿಯೇ ದೂರವಾಗಿದೆ.

ನಿಮ್ಮ ಪತ್ರ ಓದಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲರ ತಲೆಯೂ ಕೆಟ್ಟಿದೆ. ಅತ್ತೆ ಶಿವಲಿಂಗಮ್ಮನವರು, "ಮಲಗಿದ ದೇವರನ್ನ ನೋಡಾಕ ಅಷ್ಟ ದೂರ ಹೋಗಬೇಕನ? ನಿಮ್ಮ ಮಾವನ್ನ ನೋಡು, ಮೂರು ಹೊತ್ತೂ ಮಲಗಿರ್ತಾನ," ಅಂದರು. ನೀರಿನ ಮೇಲೆ ಸಂತೆ ಆದರೆ ದನದ ಸಂತೆ ಎಲ್ಲಿ ಮಾಡುತ್ತಾರೆ ಎಂದು ಮಾವ ಕೇಳಿದರು. ಮಲಗಿಕೊಂಡೇ ಕೇಳಿದರು. ನಮ್ಮ ಯಜಮಾನರು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು, ಅಲ್ಲಿ ಬುಟ್ಟಿಗಟ್ಟಲೆ ಹುಳ ಹುರಿದು ಮಾರುತ್ತಾರೆ! ಹುಳ ಕೊಲ್ಲುವ ಎಣ್ಣೆ ಮಾರಿದವರಿಗೆ ಹುಳ ತಿನ್ನುವ ಊರಿನ ಬಹುಮಾನವೇ? ಇದೆಂಥ ಕಂಪನಿ ಅತ್ತಿಗೆಯವರೇ, ನನಗೊಂದೂ ತಿಳಿಯಲಿಲ್ಲ.

ಆಗಸ್ಟ್ ಎರಡು ಅಂದರೆ ಪಂಚಮಿ ಮುಗಿದ ಮೇಲೆ. ಹಬ್ಬ ಮುಗಿಸಿಯೇ ಹೋಗುತ್ತೀರಿ, ಛಲೋ ಆಯಿತು.

ಇಂತಿ,
ಕಸ್ತೂರೆಮ್ಮ


ಗಂಗಾವತಿ
೨೩ ಜೂನ್ ೨೦೨೫

ಕಸ್ತೂರಿ,

ನನಗೆ 'ನೀವು' ಅನ್ನುವುದನ್ನು ಯಾವ ಸಾಲಿಯಲ್ಲಿ ಕಲಿತೆ? ನಾನು ಮದುವೆಯಾಗಿ ಬಂದ ದಿನ ನನ್ನ ಸೆರಗು ಹಿಡಿದು, "ಅತ್ತಿಗಿ, ನಿನ್ನ ಕೈಯಾಗಿನ ಬಳಿ ನನಗ ಕೊಡ್ತೀಯೇನ?" ಅಂದವಳು ನೀನು. ಪೂಜ್ಯ ಅತ್ತಿಗೆಯವರು ಎಂದು ಓದಿದಾಗ ಪತ್ರ ಬೇರೆ ಯಾರಿಗೋ ಬಂದದ್ದು ತಪ್ಪಿ ನನ್ನ ಕೈಗೆ ಸಿಕ್ಕಿತೇನೋ ಅನ್ನಿಸಿತು.

ನನ್ನ ಪತ್ರವೂ ನಿನಗೆ ಸರಿಯಾಗಿ ತಿಳಿದಿಲ್ಲ. ಮರಳಿಯ ತಂಗಿ ಬೇಡ. ಅವಳು ಕಾಲುವೆಗೆ ನೀರು ಬಿಟ್ಟರೆ ಸಸಿ ಹಚ್ಚುವ ಚಿಂತೆಯಲ್ಲಿ ಉಣ್ಣುವುದನ್ನೇ ಮರೆಯುತ್ತಾಳೆ. ನಾನು ಕೇಳಿದ್ದು ನಿನ್ನನ್ನು. ನೀನು ಬಾ. ಆ ಬಸ್ಸಿನಲ್ಲಿ ಬರುವ ಅಂಗಡಿಯವರೆಲ್ಲ ಗಂಡಸರು. ಬ್ಯಾಂಕಾಕ್ ಅಂದ ಕೂಡಲೇ ಮೀಸೆಯೊಳಗೇ ನಗುವ ಜಾತಿ. ಅವರ ನಡುವೆ ನಾನೊಬ್ಬಳೇ ಹೆಂಗಸು, ಜೊತೆಗೆ ನನ್ನವರು ಅನ್ನುವವರು ಬೇಡವೇ?

ಪಾಸ್‌ಪೋರ್ಟಿನ ಚಿಂತೆ ಇಲ್ಲ. ನಿಮ್ಮಣ್ಣ ಅಂದು ನನ್ನದರ ಜೊತೆ ನಿನ್ನದನ್ನೂ ಮಾಡಿಸಿದ್ದರಲ್ಲ, "ಮೂರನೇ ಟಿಕೀಟು ನಾ ತಗಸ್ತೀನಿ, ತಂಗಿನ್ನ ಬಿಟ್ಟು ಹೋಗೂದಿಲ್ಲ," ಎಂದು. ಪೊಲೀಸರು ವಿಚಾರಣೆಗೆ ಬೇವೂರಿಗೆ ಬಂದಾಗ ನಿನ್ನ ಅತ್ತೆ ಹೆದರಿ, "ಕಸ್ತೂರೆಮ್ಮ ಅನ್ನಾಕಿ ಈ ಓಣ್ಯಾಗ ಇಲ್ಲರಿ," ಅಂದುಬಿಟ್ಟಿದ್ದರು, ನೆನಪಿದೆಯೇ? ಆ ಪುಸ್ತಕ ನನ್ನ ಟ್ರಂಕಿನಲ್ಲಿ ಭದ್ರವಾಗಿದೆ.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಳ್ಳೋಣ. ಹುಳದ ತಂಟೆಗೆ ನಾವು ಹೋಗದಿದ್ದರಾಯಿತು. ನೀನು ಒಂದನೇ ತಾರೀಖಿಗೆ ಬಸ್ ಹತ್ತಿ ಬಂದುಬಿಡು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ದಾನೇಶ್ವರಿ


ಬೇವೂರು
೩೦ ಜೂನ್ ೨೦೨೫

ಅತ್ತಿಗೆಯವರಿಗೆ ನಮಸ್ಕಾರ.

ನೀವು ಇಷ್ಟು ಪ್ರೀತಿಯಿಂದ ಕೇಳಿದ್ದೀರಿ. ಆದರೆ ನನಗೆ ಬರಲಾಗುವುದಿಲ್ಲ. ಎಮ್ಮೆ ಗಬ್ಬದಲ್ಲಿದೆ, ಇವತ್ತು ಈಯುತ್ತದೋ ನಾಳೆ ಈಯುತ್ತದೋ ಎಂಬಂತಿದೆ. ಸಜ್ಜೆಯಲ್ಲಿ ಕಳೆ ಬರುತ್ತದೆ. ಮಾವನ ಕಣ್ಣಿನ ಪೊರೆ ತೆಗೆಸಬೇಕು. ನನಗೆ ವಿಮಾನ ಎಂದರೆ ತಲೆ ತಿರುಗುತ್ತದೆ, ನೆಲದ ಮೇಲೆ ನಿಂತು ಮೇಲೆ ನೋಡಿದರೂ ತಿರುಗುತ್ತದೆ. ಮತ್ತೆ ಆ ಊರಲ್ಲಿ ಹಾವನ್ನು ಕೊರಳಿಗೆ ಹಾಕಿ ಫೋಟೋ ತೆಗೆಯುತ್ತಾರಂತೆ. ನಾಗಪ್ಪನಿಗೆ ಹಾಲೆರೆದ ವಾರದಲ್ಲೇ ಅದನ್ನೆಲ್ಲ ನೋಡಬಾರದು. ಮನೆಯಲ್ಲಿ ಹಾಲು ಕರೆಯುವವರೂ ಯಾರೂ ಇಲ್ಲ, ಕರು ಬೇರೆ ಸಣ್ಣದು, ನನ್ನ ಕೈ ಬಿಟ್ಟರೆ ಬೇರೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಒಂದನೇ ತಾರೀಖಿಗೆ ಬಸ್ ಹತ್ತಿ ಬಾ ಎಂದು ಬರೆದಿದ್ದೀರಿ. ಬಸ್ಸೇನೋ ದಿನಾಲೂ ಇದೆ. ಗಂಗಾವತಿಗೆ ಹೋಗುವುದು ಗೊತ್ತಿಲ್ಲದವಳೇನೂ ಅಲ್ಲ ನಾನು, ಹುಟ್ಟಿದ್ದೇ ಅಲ್ಲಿ. ಆದರೆ ಕರೆಯದೆ ತವರಿಗೆ ಹೋದ ಹೆಣ್ಣಿಗೆ ಕಿಮ್ಮತ್ತಿಲ್ಲ ಎಂದು ನಮ್ಮ ಅತ್ತೆ ಹೇಳುತ್ತಿರುತ್ತಾರೆ. ಅವರು ಹೇಳುವುದು ಎಲ್ಲರಿಗೂ, ನನಗೆಂದೇ ಅಲ್ಲ.

ನೀವು ಹೋಗಿ ಬನ್ನಿರಿ. ಫೋಟೋ ತೋರಿಸಿರಿ.

ಕಸ್ತೂರೆಮ್ಮ


ಗಂಗಾವತಿ
೭ ಜುಲೈ ೨೦೨೫

ಕಸ್ತೂರಿ,

ನಿನ್ನ ಪತ್ರದ ಮೊದಲಲ್ಲಿ ಎಮ್ಮೆ ಗಬ್ಬ, ಕೊನೆಗೆ ಬರುವಷ್ಟರಲ್ಲಿ ಕರು ಹುಟ್ಟಿ ನಿನ್ನ ಕೈಗೆ ರೂಢಿಯೂ ಆಗಿದೆ. ಒಂದೇ ಹಾಳೆಯಲ್ಲಿ! ನಾನು ಅಂಗಡಿಯಲ್ಲಿ ಕೂತು ದಿನಾ ನೆವ ಕೇಳುವವಳು. ಯಾವ ರೈತ ಖರೇ ಹೇಳುತ್ತಾನೆ, ಯಾವನು ಹೊರಳಿಸುತ್ತಾನೆ ಎಂಬುದು ನನಗೆ ಮುಖ ನೋಡದೆಯೂ ತಿಳಿಯುತ್ತದೆ. ಬರುವ ಮನಸ್ಸಿಲ್ಲ ಎಂದು ಬರೆದುಬಿಡು, ಪಾಪದ ಎಮ್ಮೆಯನ್ನೇಕೆ ನಡುವೆ ತರುತ್ತೀ.

ನಿನಗೆ ನನ್ನ ಮೇಲೆ ಸಿಟ್ಟಿದೆ ಎಂಬುದು ನನಗೆ ಗೊತ್ತು. ಏಕೆ ಎಂಬುದು ಗೊತ್ತಿಲ್ಲ. ಅವರು ಹೋದ ತಿಂಗಳಲ್ಲೇ ನಾನು ಅಂಗಡಿ ಬಾಗಿಲು ತೆರೆದು ಅವರ ಕುರ್ಚಿಯಲ್ಲಿ ಕೂತೆನೆಂದೇ? ಕೂರದಿದ್ದರೆ ಅಂಗಡಿ ಬೇರೆಯವರ ಪಾಲಾಗುತ್ತಿತ್ತು. ಎಷ್ಟು ವಿಚಾರ ಮಾಡಿದರೂ ನನಗೆ ಬಗೆಹರಿಯುತ್ತಿಲ್ಲ.

ನೀನು ಕರೆಯದೆ ಬರುವುದಿಲ್ಲ ಎಂದು ಬರೆದಿದ್ದೀ. ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಅವರು ತೀರಿದ ವರ್ಷ ನಮ್ಮಲ್ಲಿ ಹಬ್ಬವೇ ಇರಲಿಲ್ಲ, ಅದನ್ನು ಬಿಡು. ಹೋದ ವರ್ಷ ಪಂಚಮಿಗೆ ನಿನ್ನನ್ನು ಕರೆಯಲು ಕಳಿಸಿದ್ದೆನಲ್ಲ! ಶೇಂಗಾದುಂಡಿ, ಎಳ್ಳುಂಡಿ, ಅಳ್ಳಿಟ್ಟು ಎಲ್ಲ ನಾನೇ ಕಟ್ಟಿ ಕಳಿಸಿದ್ದೆ. ಜೋಕಾಲಿಯ ಹಗ್ಗ ಕೂಡ ತೊಲೆಗೆ ಹಾಕಿಸಿಟ್ಟಿದ್ದೆ. ನೀನು ಬರಲಿಲ್ಲ. ಒಂದು ಮಾತೂ ಹೇಳಿ ಕಳಿಸಲಿಲ್ಲ. ಈಗ ಕರೆಯಲಿಲ್ಲ ಅಂತೀ.

ಕಂಪನಿಯವರು ಎರಡನೇ ಹೆಸರು ಕೇಳುತ್ತಿದ್ದಾರೆ. ಏನು ಹೇಳಲಿ?

ದಾನೇಶ್ವರಿ


ಬೇವೂರು
೧೪ ಜುಲೈ ೨೦೨೫

ಅತ್ತಿಗೆ,

ಯಾರನ್ನು ಕಳಿಸಿದ್ದಿರಿ?

ನಿಮ್ಮ ಪತ್ರವನ್ನು ನಾನು ಓದಿದೆ, ಯಜಮಾನರಿಗೆ ಕೊಟ್ಟು ಓದಿಸಿದೆ, ಅತ್ತೆಗೆ ಓದಿ ಹೇಳಿದೆ. ಯಾರಿಗೂ ತಿಳಿಯಲೊಲ್ಲದು. ಹೋದ ವರ್ಷ ಪಂಚಮಿಗೆ ನಮ್ಮ ಮನೆಗೆ ಕರೆಯಲು ಯಾರೂ ಬಂದಿಲ್ಲ. ದೇವರ ಆಣೆ. ಬಂದವನು ಖಾಜಾಸಾಬ ಒಬ್ಬನೇ. ಉಂಡಿಯ ಡಬ್ಬಿ ಕೊಟ್ಟ, ಕಟ್ಟೆಯ ಮೇಲೆ ಕೂತ.

ಅವತ್ತಿನದನ್ನು ನಿಮಗೆ ಹೇಳಬಾರದೆಂದಿದ್ದೆ. ಈಗ ಹೇಳುತ್ತೇನೆ. ನಾನು ಬೆಳಗಾಗುವ ಮೊದಲೇ ಎದ್ದು ಎರೆದುಕೊಂಡು, ಇಲಕಲ್ ಸೀರೆ ಉಟ್ಟು, ಬ್ಯಾಗು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದೆ. ಅಣ್ಣ ಇಲ್ಲದಿದ್ದರೇನು, ಅತ್ತಿಗೆ ಯಾರನ್ನಾದರೂ ಕಳಿಸುತ್ತಾಳೆ ಎಂದು ನಂಬಿದ್ದೆ. ಬಂದದ್ದು ಗಾಡಿ. ಹಿಂದೆ ಯಾರಾದರೂ ಬರುತ್ತಿರಬಹುದು ಎಂದು ದಾರಿ ನೋಡಿದೆ. ಖಾಜಾಸಾಬ ಹೊರಗೆ ಕೂತೇ ಇದ್ದ. ನಮ್ಮ ಯಜಮಾನರು ಹೋಗಿ, "ಏನಪಾ, ಮಾಲು ಇಳಸೂದೈತೇನು?" ಎಂದು ಕೇಳಿದರು. "ಇಲ್ರೀ," ಅಂದ. "ಇಲ್ಲಿಂದ ಏನರ ಹೇರೂದೈತೇನು?" ಅಂದರೆ, "ಗೊತ್ತಿಲ್ರೀ," ಅಂದ. ಚಹಾ ಕೊಟ್ಟೆವು, ರೊಟ್ಟಿ ಕೊಟ್ಟೆವು. ಹೊತ್ತು ಮುಳುಗುವ ತನಕ ಕೂತಿದ್ದು ಎದ್ದು ಹೋದ. ಗಾಡಿ ಕೆಟ್ಟಿತ್ತೇನೋ ಎಂದು ಮಾವ ಅಂದರು.

ಮಾಲು ಕೊಟ್ಟಂತೆ ಉಂಡಿ ಕೊಟ್ಟು ಕಳಿಸಿದಳು, ಕರೆಯಲು ಒಂದು ನರಪಿಳ್ಳೆಯನ್ನು ಕಳಿಸಲಿಲ್ಲ ಎಂದು ನಾನು ಆ ಬ್ಯಾಗು ಬಿಚ್ಚಿ ಸೀರೆ ಮಡಿಸಿಟ್ಟೆ. ಅತ್ತೆ ನೋಡಿಯೂ ನೋಡದಂತೆ ಇದ್ದರು. ಅವರು ಬೈದಿದ್ದರೆ ಇಷ್ಟು ದುಃಖ ಆಗುತ್ತಿರಲಿಲ್ಲ.

ಕುರ್ಚಿಯ ಮೇಲೆ ನೀವು ಕೂತದ್ದಕ್ಕೆ ನನಗೇಕೆ ಸಿಟ್ಟು? ಅದು ಕನಸಿನಲ್ಲೂ ಇಲ್ಲ.

ನೀವು ಕಳಿಸಿದವರು ದಾರಿಯಲ್ಲಿ ಎಲ್ಲಿ ಹೋದರು? ಆ ಮನುಷ್ಯ ಯಾರು?

ಕಸ್ತೂರಿ


ಗಂಗಾವತಿ
೧೮ ಜುಲೈ ೨೦೨೫

ಕಸ್ತೂರಿ,

ನಾನು ಕಳಿಸಿದ ಮನುಷ್ಯ ಖಾಜಾಸಾಬ.

ನಿನ್ನ ಪತ್ರ ಓದಿ ಅವನನ್ನು ಕರೆದು ಕೂರಿಸಿ ಕೇಳಿದೆ. ಮೊದಲು ಹೆದರಿದ. ಆಮೇಲೆ ಹೇಳಿದ: "ಅಕ್ಕಾರ, ನೀವು 'ಹೋಗಿ ಕರಕೊಂಡು ಬಾ' ಅಂದ್ರಿ. ನಾ ಹೋದ್ನಿ, ಡಬ್ಬಿ ಕೊಟ್ನಿ, ಗಾಡಿ ತಿರುಗಿಸಿ ನಿಲ್ಲಿಸಿ ಕುಂತ್ನಿ. ನೀವು ಫೋನ್ ಮಾಡಿರ್ತೀರಿ, ಅವ್ರು ತಯಾರಾಗಿ ಬಂದು ಹತ್ತತಾರ ಅಂದ್ಕೊಂಡ್ನಿ. ಯಾರೂ ಹತ್ತಲಿಲ್ಲ. ಯಾರೂ ಹತ್ತಲಿಲ್ಲಂದ್ರ ನಾ ಯಾರನ್ನ ತರ್ಲಿ? ದೊಡ್ಡವರ ಮನಿ ಬಾಗಿಲಾಗ ನಿಂತು 'ನಿಮ್ಮ ಸೊಸಿನ್ನ ಕಳಸ್ರಿ' ಅಂತ ಡ್ರೈವರ್ ನಾ ಹೆಂಗ ಅನ್ನಾಕ ಬರ್ತೈತ್ರಿ?"

ಅವತ್ತು ಬರಿ ಗಾಡಿ ತಂದು ನಿಲ್ಲಿಸಿ ನನಗೆ ಹೇಳಿದ್ದು ಒಂದೇ ಮಾತು, "ಅವ್ರು ಬರಲಿಲ್ರೀ." ನಾನು ಅದನ್ನು 'ಬರುವುದಿಲ್ಲ ಅಂದರು' ಎಂದು ತಿಳಿದೆ. ಫೋನ್ ನಾನೂ ಮಾಡಿರಲಿಲ್ಲ. ಕರೆಯಲು ಕಳಿಸಿದ ಮೇಲೆ ಫೋನ್ ಮಾಡಿದರೆ ಮರ್ಯಾದೆಗೆ ಕಡಿಮೆ ಎಂದು ಸುಮ್ಮನಿದ್ದೆ. ನೀನು ಬಾಗಿಲ ಒಳಗೆ ಬ್ಯಾಗು ಇಟ್ಟುಕೊಂಡು ಕೂತೆ, ಅವನು ಬಾಗಿಲ ಹೊರಗೆ ಗಾಡಿ ಇಟ್ಟುಕೊಂಡು ಕೂತ, ನಾನಿಲ್ಲಿ ಜೋಕಾಲಿ ಕಟ್ಟಿಕೊಂಡು ಕೂತೆ. ನಾವು ಮೂವರೂ ಎಂಥ ಹುಚ್ಚರು! ನಿನ್ನ ಪತ್ರ ಹಿಡಿದು ಅತ್ತುಬಿಟ್ಟೆ. ಅಂಗಡಿಗೆ ಬಂದ ಗಿರಾಕಿಗೆ ಎಣ್ಣೆಯ ಘಾಟು ಅಂದೆ.

ಈಗ ಒಂದು ಖರೇ ಮಾತು. ಕಂಪನಿಗೆ ಎರಡನೇ ಹೆಸರನ್ನು ನಾನು ಜೂನ್ ತಿಂಗಳಲ್ಲೇ ಕೊಟ್ಟಿದ್ದೇನೆ. ನಿನ್ನದೇ. ನಿನಗೆ ಮೊದಲ ಪತ್ರ ಬರೆಯುವ ಮುನ್ನವೇ. ಬಾ ಎಂದು ನೇರ ಕೇಳಿ ನೀನು ಒಲ್ಲೆ ಅಂದರೆ ಹೇಗೆಂದು ಸುತ್ತಿಬಳಸಿ ಕೇಳಿದೆ. ನೀನು ಬರದಿದ್ದರೆ ನಾನೂ ಹೋಗುವುದಿಲ್ಲ.

ಆದರೆ ಈ ಸಲ ಪಂಚಮಿಗೆ ನಿನ್ನನ್ನು ಕರೆಯಲು ಯಾರನ್ನು ಕಳಿಸಲಿ? ನನಗೆ ಮಗನಿದ್ದರೆ ಅವನು ಬರುತ್ತಿದ್ದ. ನಿಮ್ಮ ದೊಡ್ಡಪ್ಪನ ಮಗ ಗವಿಸಿದ್ದಪ್ಪನನ್ನು ಕೇಳಿದೆ. "ನೋಡೂಣು ತಗೋರಿ," ಅಂದ. ಅವನ ನೋಡೂಣು ನನಗೆ ಗೊತ್ತಿದೆ. ಏನು ಮಾಡಲಿ ಎಂದೇ ತಿಳಿಯದಾಗಿದೆ.

ನಿನ್ನ ಅತ್ತಿಗೆ


ಬೇವೂರು
೨೨ ಜುಲೈ ೨೦೨೫

ಅತ್ತಿಗೀ,

ಖಾಜಾಸಾಬ ಪತ್ರ ಕೊಟ್ಟು ಇವತ್ತೂ ಕಟ್ಟೆಯ ಮೇಲೆ ಕೂತಿದ್ದಾನೆ. ಮುಖ ಸಣ್ಣದು ಮಾಡಿಕೊಂಡಿದ್ದಾನೆ. ಅವನಿಗೆ ಉಪ್ಪಿಟ್ಟು ಕೊಟ್ಟು ಬರೆಯುತ್ತಿದ್ದೇನೆ. ಅವನನ್ನು ಬೈಯಬೇಡ, ನೀ ಕಲಿಸದ ಮಾತನ್ನ ಅಂವ ಎಲ್ಲಿಂದ ಆಡಬೇಕು?

ಪತ್ರ ಓದಿ ಹೇಳಿದಾಗ ನಮ್ಮ ಯಜಮಾನರು ಹೊಟ್ಟೆ ಹಿಡಿದು ನಕ್ಕರು. "ಹೇರೂದೈತೇನು ಅಂತ ಕೇಳಿದ್ನಲ್ಲ, ಹೇರೂ ಮಾಲು ನೀನ ಆಗಿದ್ದಿ ನೋಡು!" ಎಂದು ನನಗೆ ಅಂದರು. ನಾನೂ ನಕ್ಕೆ. ನಗುತ್ತಿದ್ದ ಹಾಗೆಯೇ ಅಳು ಬಂತು. ಒಂದು ವರ್ಷ ನಿನ್ನನ್ನು ಮನಸ್ಸಿನಲ್ಲಿ ಎಷ್ಟು ಬೈದಿದ್ದೇನೆ ಗೊತ್ತೇ? ರೊಟ್ಟಿ ಬಡಿಯುವಾಗ ಬೈದಿದ್ದೇನೆ, ಕಳೆ ತೆಗೆಯುವಾಗ ಬೈದಿದ್ದೇನೆ.

ಎಮ್ಮೆ ಈದು ಎರಡು ತಿಂಗಳಾಯಿತು. ಮಾವನ ಕಣ್ಣು ನೆಟ್ಟಗಿದೆ. ಸಿಟ್ಟಿನಲ್ಲಿ ಬರೆದದ್ದು.

ಬ್ಯಾಂಕಾಕಿಗೆ ಹೋಗಲಿಕ್ಕೆ ಯಜಮಾನರದೇನೂ ತಕರಾರಿಲ್ಲ. ಅತ್ತೆಯದು ಒಂದೇ ಮಾತು. "ಅಕಿ ಬ್ಯಾಂಕಾಕಿಗರ ಹೋಗಲಿ, ಕಾಶಿಗರ ಹೋಗಲಿ. ಹೋಗೂದು ತವರ ಮನಿ ಹಾದು. ತವರಿಗೆ ಹೋಗಬೇಕಂದ್ರ ಕರಿಯಾಕ ಬರಬೇಕು. ಮನಷ್ಯಾರು ಬಂದ್ರ ಮನಷ್ಯಾರ್ನ ಕಳಸ್ತೀನಿ, ಪತ್ರ ಬಂದ್ರ ಪತ್ರ ಕಳಸ್ತೀನಿ," ಅಂದಿದ್ದಾರೆ. ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಅವರು ಹಾಗೆ ಅನ್ನದಿದ್ದರೂ ನನಗೆ ಅದೇ ಆಸೆ. ಅಣ್ಣ ಬರುತ್ತಿದ್ದಾಗ ಓಣಿಯವರೆಲ್ಲ, "ಕಸ್ತೂರಿನ್ನ ಕರಿಯಾಕ ಬಂದಾರ," ಅನ್ನುತ್ತಿದ್ದರು. ಆ ಮಾತು ಇನ್ನೊಮ್ಮೆ ಕೇಳಬೇಕು ಅನ್ನಿಸುತ್ತದೆ. ಐವತ್ತರ ಹತ್ತಿರ ಬಂದರೂ ಈ ಹುಚ್ಚು ಬಿಡಲೊಲ್ಲದು.

ಬ್ಯಾಗು ಕಟ್ಟಿ ಮತ್ತೆ ಬಾಗಿಲ ಹಿಂದೆ ಇಟ್ಟಿದ್ದೇನೆ. ಯಾರನ್ನ ಕಳಸ್ತೀ ಅತ್ತಿಗಿ?

ಕಸ್ತೂರಿ


ಬೇವೂರು, ನಿಮ್ಮ ಮನೆಯ ಮುಂದೆ
೨೭ ಜುಲೈ ೨೦೨೫

ಕಸ್ತೂರಿ,

ಮೇಲೆ ಊರ ಹೆಸರು ತಪ್ಪಿ ಬರೆದಿಲ್ಲ. ಗಾಡಿಯಲ್ಲಿ ಕೂತು ತೊಡೆಯ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಂದಿವೆ.

ಗವಿಸಿದ್ದಪ್ಪ ಬರಲಿಲ್ಲ. ಇನ್ನಿಬ್ಬರನ್ನು ಕೇಳಿದೆ, ಅವರಿಗೂ ಹಬ್ಬ. ಕೊನೆಗೆ ಬೆಳಿಗ್ಗೆ ಉಂಡಿ ಡಬ್ಬಿಗೆ ತುಂಬಿ, ಖಾಜಾಸಾಬನ ಪಕ್ಕ ನಾನೇ ಹತ್ತಿ ಕೂತೆ. ಧೈರ್ಯವೆಲ್ಲ ಕುಷ್ಟಗಿ ರೋಡಿನ ತನಕ ಇತ್ತು. ನಿಮ್ಮೂರ ಬೇವಿನ ಗಿಡ ಕಂಡ ಮೇಲೆ ಗಾಡಿ ಸಾವಕಾಶ ಹೊಡಿ ಎಂದು ಖಾಜಾಸಾಬನಿಗೆ ಹೇಳಿದೆ.

ನಿನಗೆ ನಾನು ಬರೆಯದೆ ಬಿಟ್ಟದ್ದು ಇದು. ಹೋದ ವರ್ಷವೇ ನಾನು ಬರಬಹುದಿತ್ತು. ಏಕೆ ಬರಲಿಲ್ಲ ಎಂದರೆ, ಗಂಡ ಇಲ್ಲದವಳು ಹಬ್ಬದ ಹೊತ್ತಿಗೆ ಮುತ್ತೈದೆಯ ಮನೆಯ ಹೊಸ್ತಿಲು ತುಳಿದು ಅವಳನ್ನು ಪ್ರಯಾಣಕ್ಕೆ ಕರೆಯಬಾರದು ಎಂದು ನನಗೆ ಹೇಳಿದವರಿದ್ದಾರೆ. ಒಬ್ಬರಲ್ಲ, ಓಣಿ ತುಂಬ ಇದ್ದಾರೆ. ಗಂಡಸರ ನಡುವೆ ಕೂತು ಟಾರ್ಗೆಟ್ ಮುಟ್ಟಿದೆ, ಹೆದರಲಿಲ್ಲ. ನಿನ್ನ ಅತ್ತೆಯ ಮುಖ ಎದುರಿಸಲು ಹೆದರುತ್ತಿದ್ದೇನೆ. ಅವರು ಕೆಟ್ಟವರಲ್ಲ, ಕಟ್ಟಳೆಯವರು. ನಾನು ಒಳಗೆ ಬಂದು ನಿನಗೇ ಏನಾದರೂ ಮಾತು ಬಂದರೆ?

ಅದಕ್ಕೇ ಇಳಿಯುವುದಿಲ್ಲ. ಖಾಜಾಸಾಬನಿಗೆ ಹೇಳಬೇಕಾದ ಮಾತು ಕಲಿಸಿದ್ದೇನೆ. "ಹಬ್ಬಕ್ಕ ಕಸ್ತೂರಿ ಅಕ್ಕಾರನ್ನ ಕರಿಯಾಕ ಬಂದೀವ್ರಿ, ಕಳಸ್ರಿ," ಎಂದು ಗಂಗಾವತಿಯಿಂದ ಇಲ್ಲಿಯ ತನಕ ಅಂದುಕೊಳ್ಳುತ್ತಲೇ ಬಂದಿದ್ದಾನೆ. ಅವನ ಕೈಯಲ್ಲಿ ಈ ಪತ್ರ, ಉಂಡಿಯ ಡಬ್ಬಿ ಕಳಿಸುತ್ತಿದ್ದೇನೆ. ನೀನು ಬ್ಯಾಗು ತಗೊಂಡು ಬಂದು ಹತ್ತಿಬಿಡು. ನನ್ನನ್ನು ಒಳಗೆ ಕರೆಯಬೇಡ.

ದಾನೇಶ್ವರಿ


(ಅದೇ ಹಾಳೆಯ ಹಿಂದೆ)

ಅತ್ತಿಗೀ,

ಖಾಜಾಸಾಬ ಚಂದ ಹೇಳಿದ. ಒಂದಕ್ಷರ ತಪ್ಪಲಿಲ್ಲ. ಮಾವ ಎದ್ದು ಕುಂತಾನ, ನಂಬು.

ನಾ ನಿನ್ನ ಪತ್ರ ಮನಸಿನ್ಯಾಗ ಓದ್ಕೊಳ್ಳಾಕ ಹತ್ತಿದ್ನಿ. ಅತ್ತಿ ಕಿಡಕ್ಯಾಗಿಂದ ನೋಡಿ, "ಗಾಡ್ಯಾಗ ಕುಂತಾಕಿ ಯಾರು?" ಅಂದಳು. ಹೇಳಿದ್ನಿ. ನೀ ಬರೆದದ್ದನ್ನೂ ಓದಿ ಹೇಳಿದ್ನಿ, ಏನೂ ಬಿಡಲಿಲ್ಲ. ಅತ್ತಿ ನನ್ನ ಮ್ಯಾಲ ಹರಿಹಾಯ್ದಳು: "ಕರಿಯಾಕ ಬಂದಾಕಿನ್ನ ಬಿಸಲಾಗ ಕುಂದ್ರಿಸಿ ಕಾಗದ ಓದ್ಕೋತ ನಿಂತೀಯಲ್ಲ, ಬುದ್ಧಿ ಐತಿಲ್ಲೊ ನಿನಗ? ಹೋದ ವರ್ಷ ಹಿಂಗ ಕುಂದ್ರಿಸಿ ಕಳಿಸಿದ್ದು ಸಾಲಲಿಲ್ಲೇನು? ನಮ್ಮ ಮನಿಗೆ ಕರಿಯಾಕ ಬಂದವರು ಉಡಿ ತುಂಬಿಸ್ಕೊಳ್ಳದ ಹೋಗಿಲ್ಲ. ಗಂಡ ಇದ್ದಾಕಿ, ಇಲ್ಲದಾಕಿ ಅಂತ ನಾ ಕೇಳಿದ್ನೇನು?"

ಈಗ ಸೇರು ತಗೊಂಡು ಉಡಿಗೆ ಅಕ್ಕಿ ಅಳ್ಯಾಕ ಹತ್ಯಾಳ. ಕುಬಸದ ಖಣ ಎರಡು ತಗದಾಳ, ತೆಂಗಿನಕಾಯಿ ಎರಡು ಇಟ್ಟಾಳ. ಒಂದು ನಂದು.

ಬ್ಯಾಗು ನನ್ನ ಕಾಲಾಗ ಐತಿ. ಎತ್ತೂದಿಲ್ಲ. ನೀ ಒಳಗ ಬಂದು ಬಾಯಿತುಂಬ "ಬಾ ಕಸ್ತೂರಿ" ಅನ್ನೂತನಕ ನಾ ಬ್ಯಾಂಕಾಕಿಗೂ ಒಲ್ಲೆ, ಗಂಗಾವತಿಗೂ ಒಲ್ಲೆ. ಓಣ್ಯಾಗಿನವರೆಲ್ಲ ಬಾಗಿಲಿಗೆ ಬಂದು ನಿಂತಾರ. "ಕಸ್ತೂರಿನ್ನ ಕರಿಯಾಕ ಬಂದಾರ," ಅನ್ನಾಕ ಹತ್ಯಾರ, ಕೇಳಸ್ತೈತೇನ?

ಇಳಿ ಅತ್ತಿಗಿ.